ಬಿಯರ್ ಜೊತೆ ಏನಿಡಲಿ, ವಾಸನೆಗೆ ಏನು ಮಾಡಲಿ?

ಟೋಕಿಯೋಗೆ ಬಂದು ಮೂರು ತಿಂಗಳಾಗಿದೆ, ಶನಿವಾರ ಆಫೀಸಿನ ನಾಲ್ಕು ಜನ ಮನೆಗೆ ಬರುತ್ತಿದ್ದಾರೆ, ಬಿಯರ್ ಜೊತೆ ಏನು ಇಡಲಿ, ನಮ್ಮ ಒಗ್ಗರಣೆ ವಾಸನೆ ಅವರಿಗೆ ಆಗದಿದ್ದರೆ ಅಂತ ಕೇಳಿದ್ದೀರಿ. ನಾನಿಲ್ಲಿಗೆ ಬಂದು ಹನ್ನೆರಡು ವರ್ಷ. ಗೊತ್ತಿರೋದು ಹೇಳುತ್ತೇನೆ.

ವಾಸನೆಗೆ ಅಷ್ಟು ಹೆದರಬೇಡಿ. ಇವರ ನತ್ತೋ ನೋಡಿದ್ದೀರಲ್ವಾ? ಸೋಯಾ ಕಾಳು ಬೇಯಿಸಿ ಹುದುಗು ಬರಿಸಿದ್ದು. ಕಡ್ಡಿಯಲ್ಲಿ ತಿರುವಿದರೆ ಜೇಡರ ಬಲೆಯ ಹಾಗೆ ನೂಲು ಬರುತ್ತದೆ. ಟೋಕಿಯೋ ಕಡೆ ಬೆಳಗ್ಗೆ ಬಿಸಿ ಅನ್ನಕ್ಕೆ ಹಾಕಿಕೊಂಡು ತಿನ್ನುತ್ತಾರೆ. ಒಸಾಕಾ ಕಡೆಯ ಎಷ್ಟೋ ಜನ ಅದನ್ನು ಹತ್ತಿರಕ್ಕೂ ಸೇರಿಸಲ್ಲ. ಇಝು ದ್ವೀಪಗಳ ಕುಸಾಯಾ ಇನ್ನೂ ಜೋರು. ವರ್ಷಗಟ್ಟಲೆ ಚೆಲ್ಲದೆ ಕಾಪಾಡಿಕೊಂಡು ಬಂದ ಉಪ್ಪುನೀರಲ್ಲಿ ಮೀನು ನೆನೆಸಿ ಒಣಗಿಸುತ್ತಾರೆ. ಅದನ್ನು ಸುಡುವಾಗ ನಾನು ಪಕ್ಕದಲ್ಲೇ ಇದ್ದೆ. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಒಂದು ಚೂರು ಬಾಯಿಗೆ ಹಾಕಿದೆ ನೋಡಿ, ಕುಂದಾಪುರದ ಮನೆಯಲ್ಲಿ ಮಳೆಗಾಲದಲ್ಲಿ ಒಣಮೀನು ಸುಟ್ಟು ಗಂಜಿ ಉಂಡಿದ್ದು ನೆನಪಾಯಿತು. ಅವರೆಕಾಯಿಯ ಸೊಗಡಿಗೇ ನಮ್ಮವರು ಮುಗಿಬೀಳಲ್ವಾ, ಹಾಗೇ ಇದು.

ಆದರೆ ಇಲ್ಲಿನ ಮನೆ ಚಿಕ್ಕದು, ಎಣ್ಣೆ ಹೊಗೆ ಬಟ್ಟೆಗೆ ಹಿಡಿಯುತ್ತದೆ. ಇಂಗು, ಬೆಳ್ಳುಳ್ಳಿ ಒಗ್ಗರಣೆ ಏನಿದ್ದರೂ ಮಧ್ಯಾಹ್ನವೇ ಮುಗಿಸಿ, ಕಿಟಕಿ ತೆಗೆದಿಡಿ. ಬಂದವರ ಕೋಟನ್ನು ಒಳಗಿನ ಕೋಣೆಯಲ್ಲಿ ನೇತುಹಾಕಿ ಬಾಗಿಲು ಹಾಕಿ. ಇದನ್ನಂತೂ ಮರೆಯಬೇಡಿ.

ಇನ್ನು ತಿನ್ನೋಕೆ. ಕುಡಿಯುವಾಗಿನ ತಿನಿಸಿಗೆ ಒತ್ಸುಮಾಮಿ ಅಂತಾರೆ, ಚಿಕ್ಕ ಚಿಕ್ಕ ಬಟ್ಟಲಲ್ಲಿ ಸ್ವಲ್ಪ ಸ್ವಲ್ಪ ಇಟ್ಟರೆ ಸಾಕು. ಎದಮಾಮೆ ಇಲ್ಲದೆ ಬಿಯರ್ ಇಲ್ಲ. ಹಸಿ ಸೋಯಾಕಾಯಿಯ ಎರಡೂ ತುದಿ ಕತ್ತರಿಸಿ, ಆಗ ಉಪ್ಪು ಕಾಳಿಗೆ ಇಳಿಯುತ್ತದೆ. ಲೀಟರ್ ನೀರಿಗೆ 40 ಗ್ರಾಂ ಉಪ್ಪು. ಅದರಲ್ಲೇ ಸ್ವಲ್ಪ ತೆಗೆದು ಕಾಯಿಗೆ ಚೆನ್ನಾಗಿ ತಿಕ್ಕಿ, ಮೇಲಿನ ಜುಂಗು ಹೋಗುತ್ತದೆ. ಉಳಿದ ಉಪ್ಪನ್ನು ಕುದಿಯುವ ನೀರಿಗೆ ಹಾಕಿ, ಅದರಲ್ಲಿ ಕಾಯಿಯನ್ನು ನಾಲ್ಕು ನಿಮಿಷ ಬೇಯಿಸಿ. ಬಸಿದ ಮೇಲೆ ತಣ್ಣೀರು ಹಾಕಬೇಡಿ, ರುಚಿ ತೊಳೆದುಹೋಗುತ್ತದೆ. ಬೀಸಣಿಗೆಯಲ್ಲಿ ಆರಿಸಿ.

ಸೌತೆಕಾಯಿಯನ್ನು ಚಾಕುವಿನಲ್ಲಿ ಹೆಚ್ಚಬೇಡಿ. ಲಟ್ಟಣಿಗೆಯಲ್ಲಿ ಜಜ್ಜಿ, ಕೈಯಲ್ಲೇ ಮುರಿದು, ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ನೀರು ಹಿಂಡಿ. ಹುರಿದ ಎಳ್ಳಿನ ಎಣ್ಣೆ, ಸ್ವಲ್ಪ ಎಳ್ಳು, ಮುಗಿಯಿತು. ಮೆತ್ತನೆಯ ತೋಫು ತಂದು, ಮೇಲೆ ತುರಿದ ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್ ಹಾಕಿದರೆ ಹಿಯಾಯಾಕ್ಕೊ. ನೀವು ಸಸ್ಯಾಹಾರಿ ಅಂದಿರಿ, ಹಾಗಾಗಿ ಅದರ ಮೇಲೆ ಉದುರಿಸುವ ಕಟ್ಸುಒಬುಶಿ ಬಿಡಿ, ಅದು ಒಣಮೀನಿನ ಚೂರು. ಅಂಗಡಿಯ ರೆಡಿ ತಿನಿಸಲ್ಲೂ ಮೀನಿನ ಸಾರ ಇರುತ್ತದೆ, ಪೊಟ್ಟಣದ ಹಿಂದೆ ಓದಿಯೇ ತೆಗೆದುಕೊಳ್ಳಿ.

ಊರಿಂದ ತಂದ ಕೋಡುಬಳೆ ಇದ್ದರೆ ಖಂಡಿತ ಇಡಿ. ಖಾರದ ಅಕ್ಕಿ ತಿನಿಸಿಗೆ ಕಡಲೆಬೀಜ ಬೆರೆಸಿದ ಕಾಕಿನೊತಾನೆ ತಿಂದು ಬೆಳೆದವರಿಗೆ ಅದು ಹಿಡಿಸುತ್ತದೆ. ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗೋದೇ ಅದು. ಕುಡಿಯದವರು ಇದ್ದರೆ ಒಂದು ಜಗ್ ಬಾರ್ಲಿ ಚಹಾ ತಣ್ಣಗೆ ಮಾಡಿಡಿ.