ಹಾಡನ್ನು ಮೊಟಕುಗೊಳಿಸುವಾಗ ಅಂಕಿತದ ನುಡಿಯನ್ನು ಉಳಿಸಿಕೊಳ್ಳಿ

ಶಿರಸಿಯ ಅಕ್ಕನವರಿಗೆ ನಮಸ್ಕಾರ. ನವರಾತ್ರಿಯ ಭಜನೆಯಲ್ಲಿ ಒಬ್ಬೊಬ್ಬರಿಗೆ ಐದೇ ನಿಮಿಷ ಸಿಗುವುದರಿಂದ ಕೊನೆಯ ನುಡಿಯನ್ನು (ಚರಣವನ್ನು) ಬಿಟ್ಟು ಹಾಡು ಮುಗಿಸಬಹುದೇ ಎಂದು ಕೇಳಿದ್ದೀರಿ. ಬಿಡಲೇಬೇಕಾದರೆ ನಡುವಿನ ನುಡಿಗಳನ್ನು ಬಿಡಿ, ಅಂಕಿತವಿರುವ, ಅಂದರೆ ರಚಿಸಿದವರ ಗುರುತಿನ ಹೆಸರಿರುವ ನುಡಿಯನ್ನು ದಯವಿಟ್ಟು ಬಿಡಬೇಡಿ.

‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡನ್ನೇ ನೋಡಿ. ಮೊದಲಿನಿಂದ ಗೆಜ್ಜೆಯ ಸದ್ದಿನೊಡನೆ ಮನೆಗೆ ಕರೆದ ಲಕ್ಷ್ಮಿಯನ್ನು ಪುರಂದರದಾಸರು ಕೊನೆಯಲ್ಲಿ ‘ಪುರಂದರ ವಿಠಲನ ರಾಣಿ’ ಎನ್ನುತ್ತಾರೆ. ‘ನ’ ಎಂಬ ಒಂದೇ ಅಕ್ಷರದಿಂದ ಅವರ ಅಂಕಿತವೇ ದೇವಿಯ ಪತಿಯ ಹೆಸರಾಗಿ ವಾಕ್ಯದೊಳಗೆ ಕೂತಿದೆ. ಆ ನುಡಿಯನ್ನು ಬಿಟ್ಟರೆ ಕರೆದದ್ದು ಯಾರನ್ನು ಎಂಬುದೇ ಅರ್ಧಕ್ಕೆ ನಿಲ್ಲುತ್ತದೆ. ಶ್ಯಾಮಾಶಾಸ್ತ್ರಿಗಳು (1762–1827) ತಮ್ಮ ಅಂಕಿತವಾದ ‘ಶ್ಯಾಮಕೃಷ್ಣ’ವನ್ನು ಸೇರಿಸಿ ದೇವಿಯನ್ನು ‘ಶ್ಯಾಮಕೃಷ್ಣ ಸೋದರಿ’ ಎಂದು ಕರೆಯುವುದೂ ಇದೇ ಬಗೆಯ ಹೆಣಿಗೆ. ನಿಮ್ಮ ಊರಿಗೆ ಸಮೀಪದ ಸೋಂದೆಯಲ್ಲಿ ವೃಂದಾವನಸ್ಥರಾದ ವಾದಿರಾಜರ ಅಂಕಿತ ‘ಹಯವದನ’, ಅಂದರೆ ಅವರು ಕಡಲೆಬೇಳೆ, ಬೆಲ್ಲದ ಮಡ್ಡಿಯ ನೈವೇದ್ಯವಿಟ್ಟು ಪೂಜಿಸಿದ, ಕುದುರೆಮುಖದ ವಿಷ್ಣುವಾದ ಹಯಗ್ರೀವನೇ.

ಉಸಿರು ತೆಗೆದುಕೊಳ್ಳುವ ಜಾಗದ ಬಗ್ಗೆ ಹೆಚ್ಚು ಎಚ್ಚರ ಬೇಕು. ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ ಭಜೇ’ ಕೃತಿಯಲ್ಲಿ ‘ಹರಾದಿ ಗುರುಗುಹ ತೋಷಿತ ಬಿಂಬಂ’ ಎಂಬ ಸಾಲಿದೆ. ‘ಗುರುಗುಹ’ ಎಂಬುದು ಸುಬ್ರಹ್ಮಣ್ಯನ ಹೆಸರು, ದೀಕ್ಷಿತರ ಮುದ್ರೆ (ಅಂಕಿತ) ಕೂಡ ಅದೇ. ಕಲಿಯುವ ಮಕ್ಕಳು ‘ಹರಾದಿಗುರು’ ಎಂದು ನಿಲ್ಲಿಸಿ, ಉಸಿರೆಳೆದು, ‘ಗುಹತೋಷಿತ’ ಎಂದು ಮುಂದುವರಿಸುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಹಾಗೆ ಒಡೆದರೆ ದೀಕ್ಷಿತರ ಮುದ್ರೆಯೂ ಹೋಯಿತು, ಗಣಪತಿಯ ತಮ್ಮನಾದ ಸುಬ್ರಹ್ಮಣ್ಯನೂ ಹೋದ. ಮರುಸಾಲಿನ ‘ಹಂಸಧ್ವನಿ ಭೂಷಿತ ಹೇರಂಬಂ’ ಎಂಬಲ್ಲಿ ರಾಗದ ಹೆಸರೂ ಅಡಗಿರುವುದರಿಂದ ಈ ಎರಡು ಸಾಲುಗಳನ್ನು ಮೊದಲು ತಾಳವಿಲ್ಲದೆ ಓದಿಸಿ, ಆಮೇಲೆ ಹಾಡಿಸಿ.

ರಚಿಸಿದವರು ಯಾರೆಂದು ಗುರುತಿಸಲು ಅಂಕಿತವೊಂದನ್ನೇ ನಂಬಬೇಡಿ. ‘ತ್ಯಾಗರಾಜನುತ’ ಎಂದಿದ್ದರೆ ಸಾಮಾನ್ಯವಾಗಿ ತ್ಯಾಗರಾಜರದೇ ಕೃತಿ. ಆದರೆ ಬೇಗಡೆ ರಾಗದ ‘ತ್ಯಾಗರಾಜಾಯ ನಮಸ್ತೇ’ ದೀಕ್ಷಿತರದು, ಅಲ್ಲಿನ ತ್ಯಾಗರಾಜ ತಿರುವಾರೂರಿನ ಶಿವ. ಒಬ್ಬರ ಅಂಕಿತವೇ ರೂಪ ಬದಲಿಸುವುದೂ ಉಂಟು, ಸ್ವಾತಿ ತಿರುನಾಳರು ತಮ್ಮ ಅಂಕಿತವಾದ ‘ಪದ್ಮನಾಭ’ವನ್ನು ‘ಸರಸಿಜನಾಭ’, ‘ಪಂಕಜನಾಭ’ ಎಂದೂ ಬದಲಿಸಿಕೊಳ್ಳುತ್ತಾರೆ.

ಕಾರವಾರದ ನಮ್ಮ ಭಜನಾ ಮಂಡಳಿಯಲ್ಲಿ ಹಿಂದೂಸ್ತಾನಿ ಕ್ರಮದಲ್ಲಿ ಹಾಡುವವರೇ ಹೆಚ್ಚು. ಆಲಾಪಕ್ಕೆ ಹೊತ್ತು ಕಳೆದು ಅಂಕಿತಕ್ಕೆ ಬರುವಷ್ಟರಲ್ಲಿ ಲಯ ಓಡತೊಡಗಿ, ದಾಸರ ಹೆಸರೇ ತಬಲಾದ ಸದ್ದಿನಲ್ಲಿ ಮುಳುಗುತ್ತಿತ್ತು. ಈಗ ಆಲಾಪವನ್ನು ಅರ್ಧ ನಿಮಿಷಕ್ಕೆ ಇಳಿಸಿ, ಪಲ್ಲವಿ, ಅನುಪಲ್ಲವಿ, ಮೊದಲ ನುಡಿಯಾದ ಮೇಲೆ ನೇರವಾಗಿ ಅಂಕಿತದ ನುಡಿಗೆ ಹೋಗುತ್ತೇವೆ, ಅದನ್ನು ಲಯ ಏರಿಸದೆ ಎರಡು ಸಲ ಹಾಡುತ್ತೇವೆ. ಐದು ನಿಮಿಷದಲ್ಲಿ ಇಷ್ಟೂ ಮುಗಿಯುತ್ತದೆ.