ಕೋಣನಕುಂಟೆಯಲ್ಲಿ ಸತ್ತವರು ‘ಕಪ್ಪು ಹುಲಿ’ಗಳಾ?

ಪ್ರಶ್ನೆ: ರಾಜೀವ್ ಗಾಂಧಿ ಹತ್ಯೆಯ ನಂತರ ಬೆಂಗಳೂರಿನ ಕೋಣನಕುಂಟೆಯಲ್ಲಿ ಸತ್ತ, ಹತ್ಯೆಯ ಸಂಚು ನಡೆಸಿದ್ದ ಶಿವರಾಸನ್ ತಂಡ ಶ್ರೀಲಂಕಾದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ‘ಕಪ್ಪು ಹುಲಿ’ ಪಡೆಯದ್ದಾ? ಎಲ್ಲ ಹುಲಿಗಳ (ಎಲ್‌ಟಿಟಿಇಯವರ) ಕೊರಳಲ್ಲೂ ಸಯನೈಡ್ ಇತ್ತಲ್ವಾ, ಮತ್ತೆ ಸಾಯೋಕೆ ಅಂತಲೇ ಬೇರೆ ಪಡೆ ಯಾಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸಯನೈಡ್ ಇದ್ದದ್ದು ಸಿಕ್ಕಿಬಿದ್ದರೆ ಬಾಯಿ ಬಿಡಬಾರದು ಅಂತ. ಕಪ್ಪು ಹುಲಿಗಳ ಕೆಲಸ ಬೇರೆಯೇ. ಉಳಿದ ಹುಲಿಗಳು ನುಗ್ಗಲಾಗದ ಕಡೆ ನುಗ್ಗಿ, ವಾಪಸ್ ಬರುವ ಯೋಚನೆಯನ್ನೇ ಬಿಟ್ಟು ಹೊಡೆಯುವುದು.

ಇದು ಶುರುವಾಗಿದ್ದು 1987ರ ಜುಲೈ 5ರಂದು. ಜಾಫ್ನಾದ ನೆಲ್ಲಿಯಡಿಯಲ್ಲಿ ಶಾಲೆಯೊಂದು ಶ್ರೀಲಂಕಾ ಸೈನ್ಯದ ಶಿಬಿರವಾಗಿತ್ತು. ‘ಕ್ಯಾಪ್ಟನ್ ಮಿಲ್ಲರ್’ ಅನ್ನುವ ಹುಲಿ ಸ್ಫೋಟಕ ತುಂಬಿದ ಲಾರಿಯನ್ನು ಸೀದಾ ಅದರೊಳಗೆ ನುಗ್ಗಿಸಿದ. ಆಮೇಲೆ ಪ್ರತಿ ಜುಲೈ 5 ‘ಕರುಂಪುಲಿ (ಕಪ್ಪು ಹುಲಿ) ದಿನ’ವಾಯಿತು. ಈ ಪಡೆಗೆ ಸೇರಲು ಹುಡುಗರು, ಹುಡುಗಿಯರು ಎಲ್‌ಟಿಟಿಇ ನಾಯಕ ಪ್ರಭಾಕರನ್‌ಗೇ ಪತ್ರ ಬರೆಯುತ್ತಿದ್ದರು. ಬರೆದವರೆಲ್ಲ ಆಯ್ಕೆಯಾಗುತ್ತಿರಲಿಲ್ಲ. ಆಯ್ಕೆಯಾದವರು ಹೊರಡುವ ಮುಂಚೆ ಅವನ ಜೊತೆ ಊಟ, ಒಂದು ಫೋಟೊ.

ಇವರನ್ನು ಸುಮ್ನೆ ‘ಮಾನವ ಬಾಂಬ್’ ಅಂದುಬಿಟ್ಟರೆ ಅರ್ಧ ವಿಷಯ ತಪ್ಪಿಹೋಗುತ್ತದೆ. 2001ರ ಜುಲೈ 24 ನೋಡಿ. ಕೊಲಂಬೊ ಹತ್ತಿರದ ಕಟುನಾಯಕೆಗೆ ನಸುಕಿನಲ್ಲಿ ನುಗ್ಗಿದವರು 14 ಜನ. ಮೊದಲು ವಾಯುಪಡೆ ನೆಲೆ, ಆಮೇಲೆ ಪಕ್ಕದ ಪ್ರಯಾಣಿಕರ ವಿಮಾನ ನಿಲ್ದಾಣ. ಯುದ್ಧವಿಮಾನಗಳ ಜೊತೆ ಶ್ರೀಲಂಕನ್ ಏರ್‌ಲೈನ್ಸ್‌ನ ಏರ್‌ಬಸ್‌ಗಳೂ ಉರಿದವು. ದಾಳಿಗೆ ಬಂದವರಲ್ಲಿ ಯಾರೂ ಉಳಿಯಲಿಲ್ಲ. ಆದರೆ ವಿಮೆ ದುಬಾರಿಯಾಯಿತು, ಪ್ರವಾಸಿಗರು ಬರುವುದು ಕಡಿಮೆಯಾಯಿತು, ಆ ವರ್ಷ ಶ್ರೀಲಂಕಾದ ಆರ್ಥಿಕತೆಯೇ ಕುಗ್ಗಿತು. 2002ರ ಫೆಬ್ರುವರಿಯಲ್ಲಿ ಕದನವಿರಾಮ. ಇದಕ್ಕೆ ಆ ದಾಳಿಯೊಂದೇ ಕಾರಣವಲ್ಲ, ಆದರೂ ದೊಡ್ಡ ಕಾರಣ ಅಂತಲೇ ನನ್ನ ಎಣಿಕೆ.

ಇಷ್ಟು ಹೇಳಿದ ಮಾತ್ರಕ್ಕೆ ಇವರನ್ನು ಬರೀ ಸೈನ್ಯದ ವಿರುದ್ಧ ಹೋರಾಡಿದ ವೀರರು ಅಂದುಕೊಳ್ಳಬೇಡಿ. 1996ರ ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕ್‌ಗೆ ಲಾರಿ ನುಗ್ಗಿಸಿದಾಗ ಸತ್ತದ್ದು ಸುಮಾರು 90 ಮಂದಿ. ಹೆಚ್ಚಿನವರು ಬೆಳಿಗ್ಗೆ ಕೆಲಸಕ್ಕೆ ಬಂದ ಮಾಮೂಲಿ ಜನ. ಇಂಥ ದಾಳಿಗಳಲ್ಲಿ ಎಲ್‌ಟಿಟಿಇ ಲೆಕ್ಕಾಚಾರ ಜಾಣತನದ್ದು. ಸೇನಾ ನೆಲೆಗೆ ನುಗ್ಗಿ ಸತ್ತವರಿಗೆ ಪಟ್ಟ, ಹಾರ, ಮೆರವಣಿಗೆ. ರಾಜಕಾರಣಿಗಳನ್ನೋ ಜನಸಾಮಾನ್ಯರನ್ನೋ ಕೊಂದರೆ ‘ನಮಗೆ ಗೊತ್ತಿಲ್ಲ’.

ಈಗ ಕೋಣನಕುಂಟೆ. ಒಕ್ಕಣ್ಣ ಶಿವರಾಸನ್ ಕಪ್ಪು ಹುಲಿ ಪಡೆಯವನಲ್ಲ, ಪೊಟ್ಟು ಅಮ್ಮಾನ್ ನಡೆಸುತ್ತಿದ್ದ ಗುಪ್ತಚರ ವಿಭಾಗದವನು. ಜಾಗ ಗೊತ್ತುಮಾಡುವುದು, ಮನೆ ಹುಡುಕುವುದು, ಆಳು ಜೋಡಿಸುವುದು ಇವನ ಕೆಲಸ. ರಾಜೀವ್ ಹತ್ಯೆಯಾದ ಶ್ರೀಪೆರುಂಬುದೂರಿನಲ್ಲಿ ಬೆಲ್ಟ್ ಬಾಂಬ್ ಕಟ್ಟಿಕೊಂಡು ಬಂದವಳು ಧನು. ದಾಳಿಯ ರೀತಿ ನೋಡಿದರೆ ಅವಳು ಕಪ್ಪು ಹುಲಿಯೇ ಅನ್ನುವವರು ತುಂಬ ಜನ. ಎಲ್‌ಟಿಟಿಇ ಮಾತ್ರ ಹತ್ಯೆಯನ್ನೇ ತನ್ನದಲ್ಲ ಅಂದುಬಿಟ್ಟಿತು. ಶಿವರಾಸನ್ ಮೂರು ತಿಂಗಳು ತಪ್ಪಿಸಿಕೊಂಡು ಓಡಾಡಿದ. 1991ರ ಆಗಸ್ಟ್ 20ರ ಬೆಳಿಗ್ಗೆ ಕಮಾಂಡೊಗಳು ಆ ಬಾಡಿಗೆ ಮನೆಗೆ ನುಗ್ಗಿದರು. ಒಳಗಿದ್ದದ್ದು ಏಳು ಹೆಣ. ಅವನ ತಲೆಗೆ ಗುಂಡು ಹೊಕ್ಕಿತ್ತು, ಉಳಿದವರು ಸಯನೈಡ್ ನುಂಗಿದ್ದರು.