ಮಾಷ್ಟ್ರಲ್ಲಿ ಕೇಳಿ: ತಡವಾಯಿತೋ, ತಡ ಮಾಡಿದ್ದೋ?

ಪ್ರಶ್ನೆ: ಮಾಷ್ಟ್ರೇ, ಬದಿಯಡ್ಕದ ಹತ್ತಿರ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಕಳೆದ ಮಳೆಗಾಲದಲ್ಲಿ ಕೊಳೆರೋಗ ಬಂದು ಅರ್ಧಕ್ಕರ್ಧ ಕಾಯಿ ಉದುರಿತು. ಎರಡನೇ ಮದ್ದಿಗೆ ಎರಡು ತಿಂಗಳಾಗಿ ಹೋಗಿತ್ತು. ನಾನು ಕಲಸಿದ ದ್ರಾವಣದಲ್ಲಿ ಸುಣ್ಣವೂ ಕಡಿಮೆಯಾಗಿತ್ತೋ ಏನೋ. ಜಗಲಿಯಲ್ಲಿ ಅಪ್ಪ ಕೇಳಿದಾಗ 'ಮದ್ದು ಬಿಡುವವನು ಗೊನೆಗೆ ಸರಿಯಾಗಿ ಬಿಟ್ಟಿಲ್ಲ' ಅಂತ ಬಾಯಿಗೆ ಬಂತು. ಅವನು ಅಂಗಳದಲ್ಲೇ ಇದ್ದ. ಇಪ್ಪತ್ತು ವರ್ಷದಿಂದ ಬರುತ್ತಿದ್ದವನು ಮತ್ತೆ ಬರಲಿಲ್ಲ. ಈಗೇನು ಮಾಡಲಿ?

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ಎರಡು ತಿಂಗಳು ಆಗಿ ಹೋಗಿತ್ತು. ಸುಣ್ಣ ಕಡಿಮೆಯಾಗಿತ್ತು. ಮಾತು ಬಾಯಿಗೆ ಬಂತು. ಎಲ್ಲ ತಾನಾಗಿಯೇ ಆಗಿದೆ! 'ನಾನು' ಒಂದೇ ಕಡೆ ಸಿಕ್ಕಿತು, ಅಲ್ಲೂ ಕಡಿಮೆಯಾದದ್ದು ಸುಣ್ಣವೇ. ಮೂವತ್ತು ವರ್ಷ ವ್ಯಾಕರಣ ಕಲಿಸಿದವನು ನಾನು. ಕರ್ತೃ ಕಾಣೆಯಾದ ವಾಕ್ಯ ಕಂಡರೆ ಈಗಲೂ ಕೈ ಕೆಂಪು ಪೆನ್ನು ಹುಡುಕುತ್ತದೆ.

ಮೊದಲು ತೋಟದ ಲೆಕ್ಕ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಮಳೆ ಹಿಡಿಯುವ ಮೊದಲು ಒಂದು ಮದ್ದು, 40–45 ದಿನಕ್ಕೆ ಇನ್ನೊಂದು. ನಮ್ಮ ಕೂಡ್ಲಿನ ಸಿಪಿಸಿಆರ್‌ಐಯವರು (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವುದೂ ಇದನ್ನೇ. ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು. ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ನೀವು ಅದ್ದಿ ನೋಡಿರಲಿಲ್ಲ, ಅಲ್ವಾ? ಮರದ ಮೇಲಿದ್ದವರು ಬಿಟ್ಟದ್ದು ನೀವು ಕೆಳಗೆ ಕಲಸಿ ಕೊಟ್ಟದ್ದನ್ನೇ. (ಇಪ್ಪತ್ತು ವರ್ಷ ನಿಮ್ಮ ಮರ ಹತ್ತಿದವರನ್ನು 'ಅವನು' ಅಂತ ಬರೆದಿದ್ದೀರಿ. ನಾನು 'ಅವರು' ಅನ್ನುತ್ತೇನೆ.)

ಹಾಗಂತ ಉದುರಿದ್ದೆಲ್ಲ ನಿಮ್ಮ ತಲೆಗೇ ಅಲ್ಲ. ಮಳೆ ಬಿಡದೆ ಹೊಡೆದರೆ ಎಂಥ ಮದ್ದಿಗೂ ಕೊಳೆ ಪೂರ್ತಿ ಬಗ್ಗುವುದಿಲ್ಲ. ಮಳೆಯ ಪಾಲು ಮಳೆಗೇ ಇರಲಿ.

ನನ್ನದೂ ಒಂದಿದೆ. ಒಂದು ಬೇಸಿಗೆಯಲ್ಲಿ ಕೊಳವೆಬಾವಿಯ ಮೋಟಾರು ಹಾಕಿ ಮಲಗಿಬಿಟ್ಟೆ. ನೀರು ಮುಗಿದ ಮೇಲೂ ಅದು ಓಡಿ ಸುಟ್ಟುಹೋಯಿತು. ನೋಡಿ, 'ಸುಟ್ಟುಹೋಯಿತು' ಅಂತ ಈಗಲೂ ಬರೆದೆ! ಸುಟ್ಟವನು ನಾನು. ಬೆಳಗ್ಗೆ ಮನೆಯಲ್ಲಿ 'ವೋಲ್ಟೇಜ್ ಇರಲಿಲ್ಲ' ಅಂದೆ. ವೈಂಡಿಂಗ್ ಮಾಡುವವರು ಬಿಚ್ಚಿ ನೋಡಿ 'ನೀರಿಲ್ಲದೆ ಓಡಿದೆ ಮಾಷ್ಟ್ರೇ' ಅಂದರು. ಅವರಿಗೂ ವೋಲ್ಟೇಜಿನ ಕಥೆಯನ್ನೇ ಹೇಳಿದೆ. ಅವರು ಸುಮ್ನೆ ತಲೆಯಾಡಿಸಿದರು. ಆ ತಲೆಯಾಡಿಸಿದ್ದು ರಿಪೇರಿಯ ದುಡ್ಡಿಗಿಂತ ಜಾಸ್ತಿ ಉರಿದಿದೆ ನನಗೆ.

ನಿಮ್ಮದರಲ್ಲಿ ಇನ್ನೊಬ್ಬರ ಹೆಸರು ಕೆಟ್ಟಿದೆ. ಆದ್ದರಿಂದ ಫೋನಲ್ಲಿ ಬೇಡ. ಮೊದಲು ಅದೇ ಜಗಲಿಯಲ್ಲಿ ಅಪ್ಪನಿಗೆ ನಿಜ ಹೇಳಿ. ಆಮೇಲೆ ಅವರ ಮನೆಗೆ ಹೋಗಿ, ಅಪ್ಪನನ್ನೂ ಕರಕೊಂಡು. ಅವರ ಮನೆಮಾತು ತುಳುವಾದರೆ ತುಳುವಿನಲ್ಲೇ ಮಾತಾಡಿ. 'ತಪ್ಪಾಂಡ್' ಅನ್ನಬೇಡಿ, ಅದೂ ನಮ್ಮ 'ತಪ್ಪಾಯಿತು'ವಿನ ತಮ್ಮನೇ. 'ಯಾನ್ ತಪ್ಪು ಮಲ್ತೆ', ಅಂದರೆ 'ನಾನು ತಪ್ಪು ಮಾಡಿದೆ' ಅನ್ನಿ. ಮಳೆ, ಕೆಲಸದ ಗಡಿಬಿಡಿ ಯಾವುದನ್ನೂ ಬಾಲಂಗೋಚಿ ಕಟ್ಟಬೇಡಿ. ಕೆಲಸಕ್ಕೆ ಬನ್ನಿ ಅಂತ ಅವತ್ತೇ ಕೇಳಲೂಬೇಡಿ, ಕ್ಷಮೆ ಕೇಳಲು ಬಂದದ್ದೋ ಆಳು ಹುಡುಕಲು ಬಂದದ್ದೋ ಅನಿಸುತ್ತದೆ. ಅವರು ಬರದೆಯೂ ಇರಬಹುದು. ಮೇ ತಿಂಗಳಿಗೆ ಬೇರೆಯವರನ್ನು ಹೇಳಿಟ್ಟುಕೊಳ್ಳಿ. ಸುಣ್ಣ ತೂಗಲು ತಕ್ಕಡಿಯನ್ನೂ ಹೊರಗೆ ತೆಗೆದಿಡಿ.

ಪ್ರಶ್ನೆ: ಅರ್ಜಿ ಪೂರ್ತಿ ಮಲಯಾಳದಲ್ಲಿತ್ತು. ಓದಿಸಿಕೊಳ್ಳುವಷ್ಟರಲ್ಲಿ ಕೊನೆಯ ದಿನ ದಾಟಿತು. ನಾವು ಗಡಿನಾಡ ಕನ್ನಡಿಗರು ಯಾರಲ್ಲಿ ಹೇಳುವುದು? — ಪೆರ್ಲದ ಓದುಗರು

ಉತ್ತರ: ಕಷ್ಟ ನಿಜ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಕಾಸರಗೋಡು ಈ ಪಾಡು ಪಡುತ್ತಿದೆ. ಕನ್ನಡದಲ್ಲೂ ಅರ್ಜಿ ನಮೂನೆ ಕೊಡಿ ಅಂತ ಕಚೇರಿಗೆ ಬರೆದು ಕೇಳಿ, ನಾನೂ ಸಹಿ ಹಾಕುತ್ತೇನೆ. ಆದರೆ ಕೊನೆಯ ದಿನಾಂಕ ಅಂಕಿಯಲ್ಲೇ ಇತ್ತಲ್ವಾ?